ಏಕಶ್ರೇಣಿಯ ಎಂಜಿನ್ ಎಣ್ಣೆಗಳು: ಒಂದು ಸಮೀಕ್ಷೆ

ಹೈದರಾಬಾದಿನಿಂದ ಸೊಲ್ಲಾಪುರದ ಮಾರ್ಗವಾಗಿ ಪುಣೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯು (ಹಿಂದೆ ಇದರ ಸಂಖ್ಯೆ 9, ಈಗ 65) ಹುಮನಾಬಾದನ್ನು ಹಿಂದಿಕ್ಕಿ ಬಸವಕಲ್ಯಾಣದ ದಿಕ್ಕಿಗೆ ಸಾಗುವ ನಡುವಣ ಹರವಿನಲ್ಲಿ ರಾಜೇಶ್ವರವೆಂಬ ಗ್ರಾಮವಿದೆ. ಹಗಲಿರುಳೆನ್ನದೆ ಲಾರಿಗಳು ಹರಿಯುವ ಈ ರಸ್ತೆಯ ಇಕ್ಕೆಲಗಳಲ್ಲಿ ತೊಗರಿ, ಸೋಯಾಬೀನು, ಕಡಲೆ, ಕಬ್ಬುಗಳ ಹೊಲಗಳು. ಹೊಲಗಳಲ್ಲಿ ಟ್ರ್ಯಾಕ್ಟರುಗಳು, ರಾಶಿಯಂತ್ರಗಳು, ವಿದ್ಯುತ್ತು ಕೈಕೊಟ್ಟಾಗ ಬಾವಿಯ ನೀರೆತ್ತಲು ಅಲ್ಲಲ್ಲಿ ಇನ್ನೂ ಉಳಿದುಕೊಂಡಿರುವ ಡೀಸೆಲ್ ಪಂಪ್‌ಸೆಟ್ಟುಗಳು. ಕಬ್ಬು ನುರಿಯುವ ಕಾಲ ಬಂದಿತೆಂದರೆ ಬೀದರ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಕಡೆಗೆ ಸಾಲುಗಟ್ಟುವ ಟ್ರೇಲರುಗಳು. ಸ್ವಭಾವದಲ್ಲಿ, ವಯಸ್ಸಿನಲ್ಲಿ, ದುಡಿಮೆಯ ರೀತಿಯಲ್ಲಿ ಪರಸ್ಪರ ಇಷ್ಟೊಂದು ಭಿನ್ನವಾದ ಈ ಯಂತ್ರಗಳೆಲ್ಲವೂ ಸಾಮಾನ್ಯವಾಗಿ ಒಂದೇ ಅಂಗಡಿಯ ಒಂದೇ ಹಲಗೆಯ ಮೇಲಿನ ಡಬ್ಬಿಗಳಿಂದ ತಮ್ಮ ಎಣ್ಣೆಯನ್ನು ಪಡೆಯುತ್ತವೆ, ಕೊಳ್ಳುವವರ ಬಾಯಿಂದ ಬರುವುದಾದರೋ ಬಹುಧಾ ಒಂದೇ ಮಾತು: "ನಲವತ್ತು ನಂಬರ್ ಆಯಿಲ್ ಕೊಡ್ರಿ." ಆ ಅಂಕವು ಎಣ್ಣೆಯ ವಿಷಯದಲ್ಲಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಒಂದೇ ಅಂಕವನ್ನು ಹೊತ್ತ ಎಣ್ಣೆಗಳಲ್ಲಿ ಎಷ್ಟು ಬಗೆಗಳುಂಟು, ಎರಡಂಕದ ಬಹುಶ್ರೇಣಿಯ ಎಣ್ಣೆಗಳು ಮಾರುಕಟ್ಟೆಯನ್ನು ಆವರಿಸಿರುವ ಈ ಕಾಲದಲ್ಲಿ ಒಂಟಿ ಅಂಕದ ಏಕಶ್ರೇಣಿಯ ಎಣ್ಣೆಗಳಿಗೆ ನ್ಯಾಯವಾದ ಸ್ಥಾನ ಯಾವುದು ಎಂಬ ಪ್ರಶ್ನೆಗಳನ್ನು ಸಮಗ್ರವಾಗಿ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಉರುಳುವ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಹರಡಿದ ಎಣ್ಣೆಯ ತೆಳುಪೊರೆಯು, ದಂಡದ ಭ್ರಮಣದಿಂದಲೇ ಒತ್ತಡವನ್ನು ಪಡೆದುಕೊಂಡು, ಲೋಹವನ್ನು ಲೋಹದಿಂದ ಬೇರ್ಪಡಿಸಿ ಭಾರವನ್ನು ಹೊತ್ತು ನಿಲ್ಲುತ್ತದೆಂಬ ಸಂಗತಿಯನ್ನು 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಪ್ರಯೋಗದಿಂದ ಕಂಡುಕೊಂಡನು. ಮೂರು ವರ್ಷಗಳ ತರುವಾಯ, 1886ರಲ್ಲಿ, ಆಸ್ಬೋರ್ನ್ ರೆನಾಲ್ಡ್ಸನು ಅದಕ್ಕೆ ಗಣಿತದ ಆಧಾರವನ್ನು ಒದಗಿಸಿದನು. ಅಂದಿನಿಂದ ಯಂತ್ರಶಾಸ್ತ್ರದಲ್ಲಿ ಎಣ್ಣೆಯ ಮುಖ್ಯ ಲಕ್ಷಣವೆಂದು ಪರಿಗಣಿತವಾದುದು ಸ್ನಿಗ್ಧತೆ, ಎಂದರೆ ಹರಿಯುವಿಕೆಗೆ ದ್ರವವು ತನ್ನೊಳಗಿನಿಂದಲೇ ಒಡ್ಡುವ ಪ್ರತಿರೋಧ. ಅದು ಅತಿಯಾಗಿ ಕುಂದಿದರೆ ಪೊರೆ ಹರಿದು ಲೋಹಗಳು ತಿಕ್ಕಾಡುತ್ತವೆ. ಅತಿಯಾಗಿ ಹೆಚ್ಚಿದರೆ ಎಣ್ಣೆಯ ಪಂಪು ಏದುತ್ತದೆ, ದೂರದ ಬೇರಿಂಗುಗಳಿಗೆ ಎಣ್ಣೆ ತಡವಾಗಿ ತಲುಪುತ್ತದೆ, ಇಂಧನ ವ್ಯರ್ಥವಾಗುತ್ತದೆ. ಒಲೆಯ ಮೇಲೆ ನೀರಿನಂತೆ ಹರಿದಾಡಿದ ಬೆಲ್ಲದ ಪಾಕವು ತಣಿದಂತೆ ಸೌಟಿಗೆ ಅಂಟಿ ನಿಲ್ಲುವುದನ್ನು ನೋಡಿದವರಿಗೆ, ಉಷ್ಣತೆಯೊಡನೆ ಸ್ನಿಗ್ಧತೆಯು ಎಷ್ಟು ತೀವ್ರವಾಗಿ ಬದಲಾಗುತ್ತದೆಂಬುದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಮೊದಮೊದಲು ಈ ಗುಣವನ್ನು ಅಳೆಯುವ ಮಾನಗಳೇ ದೇಶಕ್ಕೊಂದಾಗಿದ್ದವು: ಇಂಗ್ಲೆಂಡಿನಲ್ಲಿ ರೆಡ್‌ವುಡ್, ಜರ್ಮನಿಯಲ್ಲಿ ಎಂಗ್ಲರ್, ಅಮೆರಿಕೆಯಲ್ಲಿ ಸೇಬೋಲ್ಟ್. ಎಣ್ಣೆಗಳೂ ನಾನಾ ಬಗೆಯವು. ಮೊದಲನೆಯ ಮಹಾಯುದ್ಧದ ಕಾಲದ ರೋಟರಿ ವಿಮಾನ ಎಂಜಿನ್ನುಗಳು ನಮ್ಮ ಹೊಲದಂಚಿನಲ್ಲಿ ಬೆಳೆಯುವ ಔಡಲದ ಎಣ್ಣೆಯಿಂದಲೇ ನಡೆದವು. ಈ ಗೊಂದಲಕ್ಕೆ ಒಂದು ಕ್ರಮವನ್ನು ತಂದುದು 1905ರಲ್ಲಿ ಸ್ಥಾಪಿತವಾದ ಅಮೆರಿಕೆಯ ಮೋಟಾರು ಎಂಜಿನಿಯರುಗಳ ಸಂಘ, ಎಂದರೆ ಎಸ್‌ಎಇ. 1911ರಲ್ಲಿ ಅದು ಆರಂಭಿಸಿದ ಎಣ್ಣೆಯ ವರ್ಗೀಕರಣವೇ ಹಲವು ತಿದ್ದುಪಡಿಗಳನ್ನು ಕಂಡು, ಇಂದು ಜೆ300 ಎಂಬ ಹೆಸರಿನಿಂದ ಜಗತ್ತಿನೆಲ್ಲೆಡೆ ಪ್ರಮಾಣವಾಗಿ ನಿಂತಿದೆ. ಹುಮನಾಬಾದಿನ ಪೇಟೆಯಲ್ಲಿ ಕೊಂಡ ಡಬ್ಬಿಯ ಮೇಲಿನ 40ಕ್ಕೂ ಹ್ಯಾಂಬರ್ಗಿನ ಬಂದರಿನಲ್ಲಿ ಕೊಂಡ ಡಬ್ಬಿಯ ಮೇಲಿನ 40ಕ್ಕೂ ಅರ್ಥ ಒಂದೇ ಆಗಿರುವುದು ಈ ವರ್ಗೀಕರಣದ ಫಲ.

ಆ ಅರ್ಥವಾದರೂ ಏನು? ಎಣ್ಣೆಯನ್ನು 100 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ಸಣ್ಣ ನಳಿಗೆಯೊಂದರಲ್ಲಿ ತನ್ನ ಭಾರದಿಂದಲೇ ಹರಿಯಬಿಟ್ಟು, ಹರಿಯಲು ಹಿಡಿದ ಕಾಲದಿಂದ ಲೆಕ್ಕಹಾಕಿದ ಸ್ನಿಗ್ಧತೆಯು 6.9ರಿಂದ 9.3 ಸೆಂಟಿಸ್ಟೋಕ್ಸಿನ ಒಳಗಿದ್ದರೆ ಅದು 20ನೆಯ ಶ್ರೇಣಿ, 9.3ರಿಂದ 12.5ರ ಒಳಗಿದ್ದರೆ 30, 12.5ರಿಂದ 16.3ರ ಒಳಗಿದ್ದರೆ 40; 16.3ರಿಂದ 21.9ರ ಒಳಗಿದ್ದರೆ 50, 21.9ರಿಂದ 26.1ರ ಒಳಗಿದ್ದರೆ 60. ಇದರೊಡನೆ 150 ಡಿಗ್ರಿಯ ಶಾಖದಲ್ಲಿ, ಬೇರಿಂಗಿನ ಒಳಗಿನ ತೀವ್ರ ಎಳೆತವನ್ನು ಹೋಲುವ ಸ್ಥಿತಿಯಲ್ಲಿ ನಡೆಸುವ ಮತ್ತೊಂದು ಪರೀಕ್ಷೆಯುಂಟು. ಅದರಲ್ಲಿ 20ನೆಯದು ಕನಿಷ್ಠ 2.6, 30ನೆಯದು 2.9, ಏಕಶ್ರೇಣಿಯ 40, 50, 60ನೆಯವು 3.7 ಮಿಲಿಪ್ಯಾಸ್ಕಲ್-ಸೆಕೆಂಡಿನಷ್ಟು ಸ್ನಿಗ್ಧತೆಯನ್ನು ಉಳಿಸಿಕೊಂಡಿರಬೇಕು. ಈ ಪಟ್ಟಿಯನ್ನು ಗಮನವಿಟ್ಟು ನೋಡಿದವರಿಗೆ ಎರಡು ಸಂಗತಿಗಳು ಹೊಳೆಯುತ್ತವೆ. 40 ಎಂಬುದು 20ರ ಇಮ್ಮಡಿ ದಪ್ಪವೆಂಬ ಲೆಕ್ಕ ಇಲ್ಲಿಲ್ಲ; ಅಂಕಗಳು ಮೆಟ್ಟಿಲುಗಳ ಹೆಸರುಗಳೇ ಹೊರತು ಅಳತೆಗಳಲ್ಲ. ಎರಡನೆಯದಾಗಿ, ಪ್ರತಿಯೊಂದು ಮೆಟ್ಟಿಲೂ ಸಾಕಷ್ಟು ಅಗಲವಾದುದು: 12.6ರ ಎಣ್ಣೆಯೂ 16.2ರ ಎಣ್ಣೆಯೂ ನ್ಯಾಯವಾಗಿಯೇ 40 ಎನಿಸಿಕೊಳ್ಳುತ್ತವೆ. ಒಂದು ಕಂಪನಿಯ ನಲವತ್ತು ಬೆರಳಿಗೆ ತೆಳ್ಳಗೆ ತೋರಿತೆಂದು ಅದನ್ನು ಕಲಬೆರಕೆಯೆಂದು ತಳ್ಳಿಹಾಕುವ ಮಿಸ್ತ್ರಿಗಳು ಈ ಅಗಲವನ್ನು ಲೆಕ್ಕಕ್ಕೆ ತಂದುಕೊಂಡಿರುವುದಿಲ್ಲ. ಅಲ್ಲದೆ ಬೆರಳು ಅಳೆಯುವುದು ಆ ಕ್ಷಣದ ಹವೆಯ ಶಾಖದಲ್ಲಿ. ಎಂಜಿನ್ನು ದುಡಿಯುವುದು ಬೇರೊಂದು ಶಾಖದಲ್ಲಿ.

ಚಳಿಗಾಲವನ್ನು ಸೂಚಿಸುವ ಡಬ್ಲ್ಯು ಅಕ್ಷರವನ್ನು ಹೊತ್ತ ಶ್ರೇಣಿಗಳು ಬೇರೆ ಪರೀಕ್ಷೆಗೆ ಒಳಪಟ್ಟವು. 10ಡಬ್ಲ್ಯು ಎಣ್ಣೆಯು ಶೂನ್ಯಕ್ಕಿಂತ 25 ಡಿಗ್ರಿ ಕೆಳಗೆ, 15ಡಬ್ಲ್ಯು 20 ಡಿಗ್ರಿ ಕೆಳಗೆ, 20ಡಬ್ಲ್ಯು 15 ಡಿಗ್ರಿ ಕೆಳಗೆ ಕೂಡ ಎಂಜಿನ್ನನ್ನು ತಿರುಗಗೊಡುವಷ್ಟು ಸಡಿಲವಾಗಿರಬೇಕು. ಡಬ್ಲ್ಯು ಶ್ರೇಣಿಯ ಅಂಕವೊಂದನ್ನೇ ಹೊತ್ತ ಎಣ್ಣೆಯೂ ಏಕಶ್ರೇಣಿಯದೇ ಎಂಬುದನ್ನು ಅನೇಕರು ಮರೆಯುತ್ತಾರೆ. ಮಣ್ಣಗೆಯುವ ಭಾರೀ ಯಂತ್ರಗಳ ಹೈಡ್ರಾಲಿಕ್ ವ್ಯವಸ್ಥೆಗಳಲ್ಲಿ 10ಡಬ್ಲ್ಯುವೂ, ಅವುಗಳ ಗೇರುಪೆಟ್ಟಿಗೆಗಳಲ್ಲಿ 30ನೆಯದೂ ಬಹುಕಾಲದಿಂದ ಬಳಕೆಯಲ್ಲಿವೆ.

ಇಲ್ಲಿಯೇ ಇನ್ನೊಂದು ಭ್ರಾಂತಿಯನ್ನು ನಿವಾರಿಸುವುದು ಉಚಿತ. ಗೇರುಪೆಟ್ಟಿಗೆಗೆ ಹಾಕುವ "ತೊಂಬತ್ತು ನಂಬರ್" ಎಣ್ಣೆಯು ನಲವತ್ತಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ದಪ್ಪವೆಂದು ನಂಬಿ, ಸವೆದ ಎಂಜಿನ್ನಿನ ಹೊಗೆಯನ್ನು ಅಡಗಿಸಲು ಅದನ್ನೇ ಬೆರೆಸಿ ಹಾಕುವವರುಂಟು. ಗೇರೆಣ್ಣೆಗಳಿಗೆ ಎಸ್‌ಎಇ ಸಂಘವು ಮಾಡಿದ ಪಟ್ಟಿ ಪ್ರತ್ಯೇಕವಾದುದು. ಅದರ 90ನೆಯ ಶ್ರೇಣಿಯು 100 ಡಿಗ್ರಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್ಸಿನದು, ಎಂದರೆ ಎಂಜಿನ್ ಎಣ್ಣೆಯ 40–50ರ ಆಸುಪಾಸಿನದೇ. ದಪ್ಪದಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲದಿರುವುದಲ್ಲದೆ, ಗೇರಿನ ಹಲ್ಲುಗಳಿಗಾಗಿ ಅದರಲ್ಲಿ ಬೆರೆಸಿದ ಗಂಧಕ-ರಂಜಕದ ಸಂಯುಕ್ತಗಳು ಎಂಜಿನ್ನಿನ ತಾಮ್ರಮಿಶ್ರಿತ ಬುಷ್ಷುಗಳನ್ನು ಕೊರೆಯಬಲ್ಲವು. ಮಸಿಯನ್ನು ತೊಳೆಯುವ ದ್ರವ್ಯವಂತೂ ಅದರಲ್ಲಿಲ್ಲ. ಹೀಗೆ ಬೆರೆಸುವ ರೂಢಿಯು ಸಂಪೂರ್ಣವಾಗಿ ನಿಲ್ಲಬೇಕು.

ಅಂಕವು ಸ್ನಿಗ್ಧತೆಯನ್ನಷ್ಟೇ ಹೇಳುತ್ತದೆ. ಎಣ್ಣೆಯ ಯೋಗ್ಯತೆಯನ್ನು ಹೇಳುವುದು ಅಕ್ಷರ. ಈ ಭೇದವೇ ನಮ್ಮ ಕಡೆಯ ಬಳಕೆದಾರರಲ್ಲಿ ಬೇರೂರಿಲ್ಲವಾದುದರಿಂದ, ಇದನ್ನು ಕೊಂಚ ವಿಸ್ತರಿಸಿಯೇ ಹೇಳತಕ್ಕದ್ದಾಗಿದೆ. 1930ರ ದಶಕದಲ್ಲಿ ಅಮೆರಿಕೆಯ ಭಾರೀ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಪಿಸ್ಟನ್ನಿನ ಉಂಗುರಗಳು ಮಸಿ ಮತ್ತು ಅಂಟಿನಿಂದ ಕಚ್ಚಿಕೊಳ್ಳತೊಡಗಿದಾಗ, ಶುದ್ಧ ಖನಿಜತೈಲವೊಂದೇ ಸಾಲದೆಂಬುದು ಮನವರಿಕೆಯಾಗಿ, ಕೊಳೆಯನ್ನು ತೊಳೆದು ಎಣ್ಣೆಯಲ್ಲಿಯೇ ತೇಲಿಸಿಡುವ ದ್ರವ್ಯಗಳನ್ನು ಬೆರೆಸುವ ಪದ್ಧತಿ ಹುಟ್ಟಿತು. ಅಮೆರಿಕೆಯ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ 1947ರಲ್ಲಿ ಎಣ್ಣೆಗಳನ್ನು ಸಾಧಾರಣ, ಉತ್ತಮ, ಭಾರೀ ದುಡಿಮೆಯವು ಎಂದು ಮೂರಾಗಿ ವಿಂಗಡಿಸಿತು. ಆ ವಿಂಗಡಣೆಯು ಬೆಳೆದು, ಇಂದು ಪೆಟ್ರೋಲ್ ಎಂಜಿನ್ನುಗಳ ಎಣ್ಣೆಗೆ ಎಸ್ ಅಕ್ಷರದಿಂದಲೂ ಡೀಸೆಲ್ ಎಂಜಿನ್ನುಗಳ ಎಣ್ಣೆಗೆ ಸಿ ಅಕ್ಷರದಿಂದಲೂ ಆರಂಭವಾಗುವ ದರ್ಜೆಗಳಾಗಿ ನಿಂತಿದೆ. ಅಂಕ ಒಂದೇ 40 ಆಗಿದ್ದರೂ, ಯಾವ ದ್ರವ್ಯವನ್ನೂ ಬೆರೆಸದ ಎಸ್‌ಎ ದರ್ಜೆಯ ಎಣ್ಣೆಯು ಸರಳವಾದ ಕೆಲವು ಪುರಾತನ ಯಂತ್ರಗಳಿಗೆ ಮಾತ್ರ ಸಲ್ಲುತ್ತದೆ; ಸಿಸಿ ದರ್ಜೆಯದು ಮಧ್ಯಮ ದುಡಿಮೆಗೆ, 1955ರ ಸಿಡಿ ದರ್ಜೆಯದು ಹೆಚ್ಚಿನ ಭಾರ ಹೊರುವ ಡೀಸೆಲ್ ಎಂಜಿನ್ನಿಗೆ, 1994ರ ಸಿಎಫ್ ದರ್ಜೆಯದು ಅದಕ್ಕಿಂತ ಮೇಲಾದುದು. 1990ರ ಸಿಎಫ್-4 ಎಂಬುದು ಬೇರೊಂದು ದರ್ಜೆ. ನಾಲ್ಕು ಹೊಡೆತದ ವೇಗದ ಡೀಸೆಲ್ ಎಂಜಿನ್ನುಗಳಿಗಾಗಿ ರಚಿತವಾದುದು. ನಮ್ಮ ಭಾರತೀಯ ಮಾನಕಗಳಲ್ಲಿಯೂ ಐಎಸ್ 13656 ಎಂಬುದು ಇಂಥ ಎಣ್ಣೆಗಳಿಗಾಗಿಯೇ ಇದೆ. ಇಬ್ಬರು ರೈತರು ತಮ್ಮ ತಮ್ಮ ಎಂಜಿನ್ನಿಗೆ ನಲವತ್ತನ್ನೇ ಹಾಕಿದರೂ, ಒಬ್ಬನದು ಬಾಳಿ ಇನ್ನೊಬ್ಬನದು ಅಕಾಲದಲ್ಲಿ ಬೋರ್ ಮಾಡಿಸುವ ಸ್ಥಿತಿಗೆ ಬರಲು ಈ ಅಕ್ಷರಗಳ ಅಂತರವೇ ಎಷ್ಟೋ ವೇಳೆ ಸಾಕು.

ಒಳ್ಳೆಯ ದರ್ಜೆಯ ಎಣ್ಣೆಯನ್ನು ಹೊಸದಾಗಿ ಹಾಕಿದ ಕೆಲವೇ ದಿನಗಳಲ್ಲಿ ಅದು ಕಪ್ಪಾಗುವುದನ್ನು ಕಂಡು, "ಆಯಿಲ್ ಸುಟ್ಟುಹೋಯಿತು" ಎಂದು ಗಾಬರಿಗೊಳ್ಳುವವರಿದ್ದಾರೆ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಪಿಸ್ಟನ್ನಿಗೆ ಅಂಟಗೊಡದೆ ತನ್ನೊಳಗೆ ಸೂಕ್ಷ್ಮ ಕಣಗಳಾಗಿ ಹಿಡಿದಿಟ್ಟುಕೊಳ್ಳುವುದು ಆ ಎಣ್ಣೆಯ ಧರ್ಮ; ಅದು ಕಪ್ಪಾಗುವುದು ಕರ್ತವ್ಯ ಮಾಡುತ್ತಿರುವುದರ ಲಕ್ಷಣ. ಬಹುಕಾಲ ದುಡಿದ ಡೀಸೆಲ್ ಎಂಜಿನ್ನಿನಲ್ಲಿಯೂ ಹೊಂಬಣ್ಣವನ್ನೇ ಉಳಿಸಿಕೊಂಡ ಎಣ್ಣೆಯ ವಿಷಯದಲ್ಲಿ, ಕೊಳೆಯೆಲ್ಲ ಎಂಜಿನ್ನಿನ ಒಡಲಲ್ಲಿಯೇ ಉಳಿದಿದೆಯೇನೋ ಎಂಬ ಸಂಶಯಕ್ಕೆ ಹೆಚ್ಚಿನ ಕಾರಣವಿದೆ. ಬಣ್ಣವನ್ನು ನಂಬದೆ, ಎಂಜಿನ್ನಿನ ಕೈಪಿಡಿಯು ವಿಧಿಸಿದ ಗಂಟೆಗಳನ್ನು ಎಣಿಸುವುದು ಸರಿಯಾದ ಮಾರ್ಗ.

ಇನ್ನು ಏಕಶ್ರೇಣಿಯೋ ಬಹುಶ್ರೇಣಿಯೋ ಎಂಬ ಮುಖ್ಯವಾದ ವಿವಾದಕ್ಕೆ ಬರೋಣ. 1950ರ ದಶಕದಲ್ಲಿ ಡಬ್ಲ್ಯು ಶ್ರೇಣಿಯೊಂದನ್ನೂ ಬಿಸಿಯ ಶ್ರೇಣಿಯೊಂದನ್ನೂ ಒಟ್ಟಿಗೆ ಪೂರೈಸುವ ಬಹುಶ್ರೇಣಿಯ ಎಣ್ಣೆಗಳು ಮಾರುಕಟ್ಟೆಗೆ ಬಂದವು. ತೆಳುವಾದ ಮೂಲತೈಲದಲ್ಲಿ ದೀರ್ಘಸರಣಿಯ ಪಾಲಿಮರುಗಳನ್ನು ಕರಗಿಸಿದರೆ, ಅವು ಚಳಿಯಲ್ಲಿ ಮುದುಡಿಕೊಂಡು ಶಾಖದಲ್ಲಿ ಹರಡಿಕೊಳ್ಳುವುದರಿಂದ, ಎಣ್ಣೆಯು ಕಾದಾಗ ಬಹಳ ತೆಳುವಾಗದಂತೆ ಕಾಪಾಡುತ್ತವೆ. ಉಷ್ಣತೆಯೊಡನೆ ಸ್ನಿಗ್ಧತೆ ಎಷ್ಟು ಕಡಿಮೆ ಬದಲಾಗುತ್ತದೆಂಬುದನ್ನು ಸೂಚಿಸಲು 1929ರಲ್ಲಿ ಡೀನ್ ಮತ್ತು ಡೇವಿಸ್ ರೂಪಿಸಿದ ಸೂಚ್ಯಂಕದಲ್ಲಿ ಸಾಮಾನ್ಯ ಏಕಶ್ರೇಣಿಯ ಎಣ್ಣೆಯು 95–100ರ ಸುಮಾರಿನಲ್ಲಿದ್ದರೆ, ಬಹುಶ್ರೇಣಿಯದು 120ನ್ನೂ ಮೀರುವುದುಂಟು. ಈ ಭೇದವು ರಾಜೇಶ್ವರದ ಹವೆಯಲ್ಲಿ ಎಷ್ಟರಮಟ್ಟಿನದು? ಬೀದರ ಜಿಲ್ಲೆಯ ಪ್ರಸ್ಥಭೂಮಿಯು ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ, ಪುಷ್ಯ ಮಾಸದ ನಸುಕಿನಲ್ಲಿ ಉಷ್ಣಾಂಶವು ಕೆಲವೊಮ್ಮೆ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ವೈಶಾಖದ ಮಧ್ಯಾಹ್ನ 40ನ್ನು ದಾಟುತ್ತದೆ. ಸಾಮಾನ್ಯವಾದ ಒಂದು 40ನೆಯ ಎಣ್ಣೆಯನ್ನು ತೆಗೆದುಕೊಂಡು ಲೆಕ್ಕಮಾಡಿದರೆ, 100 ಡಿಗ್ರಿಯಲ್ಲಿ 14.5 ಸೆಂಟಿಸ್ಟೋಕ್ಸ್ ಇರುವುದು 40 ಡಿಗ್ರಿಯಲ್ಲಿ ಸುಮಾರು 150, 10 ಡಿಗ್ರಿಯಲ್ಲಿ ಸುಮಾರು 1,200 ಆಗುತ್ತದೆ. ಅದೇ ನಸುಕಿನಲ್ಲಿ 15ಡಬ್ಲ್ಯು-40 ಎಣ್ಣೆಯು ಅದರ ಅರ್ಧದಷ್ಟು ಮಾತ್ರ ಮಂದವಾಗಿರುತ್ತದೆ. ಆದರೆ ಏಕಶ್ರೇಣಿಯ 30ನೆಯ ಎಣ್ಣೆಯೂ ಆ ಚಳಿಯಲ್ಲಿ ಸುಮಾರು 700ರ ಆಸುಪಾಸಿನಲ್ಲಿದ್ದು, ಬಹುಶ್ರೇಣಿಯ ಎಣ್ಣೆಗೆ ಬಹುಮಟ್ಟಿಗೆ ಸರಿಗಟ್ಟುತ್ತದೆ. ಹಳೆಯ ಎಂಜಿನ್ನುಗಳ ಕೈಪಿಡಿಗಳಲ್ಲಿ ಹವೆ ತಂಪಾಗಿರುವಾಗ 20 ಅಥವಾ 30, ಸೆಕೆಯಲ್ಲಿ 40 ಎಂಬ ಕೋಷ್ಟಕಗಳು ಇರುತ್ತಿದ್ದುದು ಈ ಕಾರಣದಿಂದ. ಋತುವಿಗೊಮ್ಮೆ ಎಣ್ಣೆಯನ್ನು ಬದಲಿಸುವ ಆ ಶಿಸ್ತು ನಮ್ಮಲ್ಲಿ ಕಳೆದುಹೋಗಿ, ವರ್ಷವಿಡೀ ನಲವತ್ತೇ ಎಂಬ ಅಭ್ಯಾಸ ಉಳಿದುಕೊಂಡಿದೆ.

ಹಾಗೆಂದು ಏಕಶ್ರೇಣಿಯ ಎಣ್ಣೆಯನ್ನು ಕಾಲಬಾಹಿರವೆಂದು ಒಮ್ಮೆಗೇ ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. ಅದರಲ್ಲಿ ಪಾಲಿಮರುಗಳಿಲ್ಲವಾದುದರಿಂದ, ಗೇರುಗಳ ಹಾಗೂ ಬೇರಿಂಗುಗಳ ನಡುವೆ ಅರೆಯಲ್ಪಟ್ಟು ಅವು ತುಂಡಾಗಿ ಎಣ್ಣೆ ತೆಳುವಾಗುವ ಭಯ ಅದಕ್ಕಿಲ್ಲ. ಬೆಳಿಗ್ಗೆ ಒಮ್ಮೆ ಹೊರಟು, ಒಂದೇ ವೇಗದಲ್ಲಿ, ಒಂದೇ ಭಾರದಲ್ಲಿ ಸಂಜೆಯವರೆಗೆ ದುಡಿಯುವ ಯಂತ್ರಕ್ಕೆ ಚಳಿಯ ಆರಂಭದ ಕೆಲವು ನಿಮಿಷಗಳಿಗಿಂತ, ಕಾದ ಮೇಲಿನ ಹಲವು ಗಂಟೆಗಳೇ ಮುಖ್ಯ. ಬಾವಿಯ ಪಂಪ್‌ಸೆಟ್ಟು ಅಂಥ ಯಂತ್ರಗಳಲ್ಲಿ ಅಗ್ರಗಣ್ಯವಾದುದು. ಎತ್ತುಗಳು ಎಳೆಯುತ್ತಿದ್ದ ಕಪಿಲೆಯ ಸ್ಥಾನಕ್ಕೆ ಈ ಪ್ರಾಂತದಲ್ಲಿ ಎಣ್ಣೆಯಂತ್ರಗಳು ಬರುವುದರಲ್ಲಿ ಕಿರ್ಲೋಸ್ಕರ್ ಎಂಬ ಹೆಸರಿನ ಪಾತ್ರ ದೊಡ್ಡದು. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿ, ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯಿಂದ ಉದ್ಯಮವನ್ನು ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವು 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ನುಗಳಿಗಾಗಿಯೇ ಪ್ರತ್ಯೇಕ ಕಂಪನಿಯನ್ನು ಸ್ಥಾಪಿಸಿತು. ಆ ಎಂಜಿನ್ನುಗಳಿಗೂ, ಇಂಗ್ಲೆಂಡಿನ ಲಿಸ್ಟರ್ ಮಾದರಿಯನ್ನು ಅನುಸರಿಸಿ ರಾಜಕೋಟೆಯ ಕಡೆಯಲ್ಲಿ ಎರಕಹೊಯ್ದ ಮಂದಗತಿಯ ಎಂಜಿನ್ನುಗಳಿಗೂ ತಕ್ಕ ದರ್ಜೆಯ ಏಕಶ್ರೇಣಿಯ 30 ಅಥವಾ 40ನೆಯ ಎಣ್ಣೆಯು ಇಂದಿಗೂ ಹೊಂದುತ್ತದೆ; ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಹಿಟ್ಟಿನ ಗಿರಣಿಯ ಎಂಜಿನ್ನಿಗೂ ಇದೇ ಮಾತು ಸಲ್ಲುತ್ತದೆ.

ಲಾರಿಯ ಪ್ರಸಂಗವೇ ಬೇರೆ. 1954ರಲ್ಲಿ ಟೆಲ್ಕೋ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಿಂದ ಲಾರಿಗಳನ್ನು ತಯಾರಿಸತೊಡಗಿದ ಕಾಲದ ಎಂಜಿನ್ನುಗಳಿಗೆ ಏಕಶ್ರೇಣಿಯ ಎಣ್ಣೆ ಸಾಕಾಗಿದ್ದಿರಬಹುದು. ಟರ್ಬೊ, ವೇಗದ ಆವರ್ತನ, ದೀರ್ಘಾಂತರದ ಎಣ್ಣೆ ಬದಲಾವಣೆಗಳು ಬಂದ ಮೇಲೆ ಲಾರಿಗಳು 20ಡಬ್ಲ್ಯು-40ಕ್ಕೂ, ಅನಂತರ 15ಡಬ್ಲ್ಯು-40ಕ್ಕೂ ಹೊರಳಿದವು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಹೊಗೆಯ ಕಣಗಳನ್ನು ಹಿಡಿಯುವ ಶೋಧಕವಿರುತ್ತದೆ; ಎಣ್ಣೆಯಿಂದ ಬರುವ ಬೂದಿಯು ಅದನ್ನು ಕಟ್ಟಿಹಾಕುವುದರಿಂದ, ಬೂದಿ ಕಡಿಮೆಯಿರುವ ಸಿಕೆ-4ರಂಥ ದರ್ಜೆಯ ಬಹುಶ್ರೇಣಿಯ ಎಣ್ಣೆಯೇ ಅವಕ್ಕೆ ಬೇಕು. ಹೊಸ ಲಾರಿಗೆ ಹಳೆಯ ಸಿಡಿ ದರ್ಜೆಯ ನಲವತ್ತನ್ನು ಸುರಿಯುವುದು ಉಳಿತಾಯವೆಂದು ತೋರಿದರೂ ಲಕ್ಷಗಟ್ಟಲೆಯ ನಷ್ಟಕ್ಕೆ ದಾರಿ. ಬಸವಕಲ್ಯಾಣದ ಬಳಿಯ ಸಸ್ತಾಪುರ ಬಂಗ್ಲೆಯ ಆಸುಪಾಸಿನಂಥ ಹೆದ್ದಾರಿಯ ದುರಸ್ತಿ ನೆಲೆಗಳಲ್ಲಿ ಹಳೆಯ ಲಾರಿಯೂ ಹೊಸ ಲಾರಿಯೂ ಒಂದೇ ಅಂಗಳದಲ್ಲಿ ನಿಲ್ಲುವುದರಿಂದ, ಈ ಎಚ್ಚರವು ಅಲ್ಲಿ ವಿಶೇಷವಾಗಿ ಬೇಕು.

ಟ್ರ್ಯಾಕ್ಟರು ಇವೆರಡರ ನಡುವಣದು. ಉಳುವಾಗ ಸ್ಥಿರವಾಗಿ ದುಡಿಯುವುದು, ಕಬ್ಬಿನ ಟ್ರೇಲರನ್ನೆಳೆದು ರಸ್ತೆಗಿಳಿದಾಗ ನಿಂತು ನಿಂತು ಹೊರಡುವುದು. ಹಳೆಯ ಮಾದರಿಗಳಿಗೆ ಬೇಸಗೆಯ ಉಳುಮೆಯಲ್ಲಿ ಸಿಎಫ್ ದರ್ಜೆಯ 40 ಸಲ್ಲುತ್ತದೆಂದೂ, ಸುಗ್ಗಿಯ ಚಳಿಯಲ್ಲಿ ನಸುಕಿಗೇ ಹೊರಡಬೇಕಾದವರು 15ಡಬ್ಲ್ಯು-40ನ್ನೋ ಕೈಪಿಡಿ ಒಪ್ಪಿದರೆ 30ನ್ನೋ ಹಾಕುವುದು ಲೇಸೆಂದೂ ನನ್ನ ಅಭಿಪ್ರಾಯ. ಸವೆದ ಎಂಜಿನ್ನಿಗೆ 50ನ್ನು ಹಾಕಿದರೆ ಹೊಗೆ ಕೊಂಚ ಕಾಲ ತಗ್ಗುವುದು ನಿಜ. ಆದರೆ ಸವೆತವು ಅದರಿಂದ ವಾಸಿಯಾಗದು, ಚಳಿಯ ಬೆಳಗಿನಲ್ಲಿ ಅದು ಹೆಚ್ಚುವ ಸಂಭವವೇ ಅಧಿಕ.

ಏಕಶ್ರೇಣಿಯ ಎಣ್ಣೆಯ ಅತ್ಯಂತ ಗಂಭೀರವಾದ ಬಳಕೆಯನ್ನು ನೋಡಬೇಕಾದರೆ ರೈಲಿನ ಡೀಸೆಲ್ ಎಂಜಿನ್ನುಗಳ ಕಡೆಗೆ ತಿರುಗಬೇಕು. ಬೀದರ–ಕಲಬುರಗಿ ಮಾರ್ಗವು ಹುಮನಾಬಾದಿನ ಮೂಲಕ 2017ರಲ್ಲಿ ಪೂರ್ಣವಾಗಿ ತೆರೆದಾಗ ಈ ಭಾಗದ ಜನರು ಕಂಡ ಡೀಸೆಲ್ ಗಾಡಿಗಳ ಹಿಂದೆ ದೀರ್ಘವಾದ ಒಂದು ಪರಂಪರೆಯಿದೆ. ಅಮೆರಿಕೆಯ ಆಲ್ಕೊ ಮಾದರಿಯಿಂದ ಆರಂಭವಾದ ನಮ್ಮ ಭಾರೀ ರೈಲು ಎಂಜಿನ್ನುಗಳು ಬಹುಕಾಲ 40ನೆಯ ಏಕಶ್ರೇಣಿಯ ಎಣ್ಣೆಯಿಂದಲೇ ನಡೆದವು. ಹುಬ್ಬಳ್ಳಿಯ ಡೀಸೆಲ್ ಷೆಡ್ಡಿನಲ್ಲಿ ನೆಲೆಗೊಂಡ ಜನರಲ್ ಮೋಟಾರ್ಸ್ ಮೂಲದ ಎಂಜಿನ್ನುಗಳು ಬಂದಾಗ ಒಂದು ಹೊಸ ನಿರ್ಬಂಧವೂ ಬಂದಿತು: ಆ ಮಾದರಿಯ ಪಿಸ್ಟನ್ ಕೀಲಿನ ಬೇರಿಂಗಿಗೆ ಬೆಳ್ಳಿಯ ಲೇಪವಿರುವುದರಿಂದ, ರಸ್ತೆವಾಹನಗಳ ಎಣ್ಣೆಯಲ್ಲಿ ಸವೆತವನ್ನು ತಡೆಯಲೆಂದು ಬೆರೆಸುವ ಸತುವಿನ ಸಂಯುಕ್ತವು ಅಲ್ಲಿ ಬೆಳ್ಳಿಯನ್ನೇ ತಿನ್ನುತ್ತದೆ, ಆದಕಾರಣ ಅವಕ್ಕೆ ಸತುವಿಲ್ಲದ ಎಣ್ಣೆಯೇ ಆಗಬೇಕು. ಲಾರಿಯ ನಲವತ್ತು, ರೈಲಿನ ನಲವತ್ತು ಎರಡೂ ನಲವತ್ತೇ. ಒಂದರ ಅಮೃತ ಇನ್ನೊಂದಕ್ಕೆ ವಿಷ. ಅಂಕದಾಚೆಗೂ ನೋಡಬೇಕೆಂಬ ಮಾತಿಗೆ ಇದಕ್ಕಿಂತ ಬಲವಾದ ನಿದರ್ಶನ ನನಗೆ ತಿಳಿಯದು.

ಬಳಸಿ ಬಿಟ್ಟ ಎಣ್ಣೆಯನ್ನು ಸೋಸಿ, ಬಣ್ಣ ತಿಳಿಗೊಳಿಸಿ, ಖುಲ್ಲಾ ಎಣ್ಣೆಯೆಂದು ಲೀಟರಿನ ಲೆಕ್ಕದಲ್ಲಿ ಮಾರುವುದು ಹಳ್ಳಿಪೇಟೆಗಳ ಒಂದು ಪಿಡುಗು. ಸೋಸಿದ ಮಾತ್ರಕ್ಕೆ ಆಮ್ಲಗಳು ಹೋಗುವುದಿಲ್ಲ, ಕಳೆದ ದ್ರವ್ಯಗಳು ಮರಳುವುದಿಲ್ಲ. ಅದು ಯಾವ ಶ್ರೇಣಿಗೂ ಯಾವ ದರ್ಜೆಗೂ ಸೇರದ ವಸ್ತು. ಹಳೆಯ ಎಣ್ಣೆಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅಧಿಕೃತ ಮರುಶುದ್ಧೀಕರಣದವರಿಗೆ ಒಪ್ಪಿಸತಕ್ಕದ್ದು. ಬಾವಿಯ ಕಟ್ಟೆಯ ಬಳಿ ಸುರಿದ ಎಣ್ಣೆ ಕುಡಿಯುವ ನೀರಿಗೇ ಇಳಿಯುತ್ತದೆಂಬುದನ್ನು ಕಪ್ಪುಮಣ್ಣಿನ, ಜಂಬಿಟ್ಟಿಗೆಯ ಈ ನಾಡಿನ ರೈತನಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಇಷ್ಟೆಲ್ಲವನ್ನೂ ತಿಳಿದು ಅಂಗಡಿಗೆ ಹೋದ ಕನ್ನಡಿಗನಿಗೆ ಕೊನೆಗೆ ಎದುರಾಗುವುದು ಡಬ್ಬಿಯ ಮೇಲಿನ ಬರಹ. ಅಂಕವು ದೊಡ್ಡ ಅಕ್ಷರಗಳಲ್ಲಿ ಮುಂಭಾಗದಲ್ಲಿ ಕಾಣುತ್ತದೆ; ದರ್ಜೆಯ ಅಕ್ಷರಗಳು ಹಿಂಭಾಗದಲ್ಲಿ ಇಂಗ್ಲಿಷಿನ ಸಣ್ಣ ಬರಹದಲ್ಲಿ ಅಡಗಿರುತ್ತವೆ. ಕರ್ನಾಟಕದಲ್ಲಿ ಮಾರುವ ಎಣ್ಣೆಯ ಡಬ್ಬಿಯ ಮೇಲೆ ಶ್ರೇಣಿಯ ಅಂಕ, ದರ್ಜೆಯ ಅಕ್ಷರ, ಯಾವ ಬಗೆಯ ಎಂಜಿನ್ನಿಗೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬ ನಾಲ್ಕು ಸಂಗತಿಗಳನ್ನು ಕನ್ನಡದಲ್ಲಿ, ಮುಂಭಾಗದಲ್ಲಿಯೇ, ಅಂಕದಷ್ಟೇ ದಪ್ಪನೆಯ ಅಕ್ಷರಗಳಲ್ಲಿ ಅಚ್ಚುಮಾಡಬೇಕೆಂದು ತೈಲ ಕಂಪನಿಗಳನ್ನು ಒತ್ತಾಯಿಸುವುದು ನ್ಯಾಯವಾಗಿದೆ. ಅದು ಆಗುವವರೆಗೆ ಬೀದರಿನ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳು ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಎಂಜಿನ್ನುಗಳ ಹೆಸರುಗಳನ್ನೂ, ಪ್ರತಿಯೊಂದಕ್ಕೂ ಚಳಿಗಾಲ ಬೇಸಗೆಗಳಲ್ಲಿ ತಕ್ಕ ಅಂಕ ಮತ್ತು ದರ್ಜೆಯನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿ, ಎಣ್ಣೆಯ ಅಂಗಡಿಗಳ ಗೋಡೆಗೆ ಅಂಟಿಸುವ ಕಾರ್ಯವನ್ನು ಕೈಗೊಳ್ಳಬಹುದು.